ಚೌಕುಳಿ ಹಾಳೆಯ ಬ್ಯಾಟರಾಯಪ್ಪ

ಯಶವಂತಪುರದ ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಒಂದಕ್ಕೊಂದು ಗುದ್ದಿಸಿ ಜೋಡಿಸುವ ಕೆಲಸ ಶುರುವಾಗುವ ಮೊದಲೇ ಬ್ಯಾಟರಾಯಪ್ಪನವರು ಗೆರೆ ಎಳೆದು ಮುಗಿಸಬೇಕು. ಅದು ಶುರುವಾಯಿತೆಂದರೆ ಹಳಿಗೆ ಬೆನ್ನು ಕೊಟ್ಟು ನಿಂತಿರುವ ಈ ಹೆಂಚಿನ ಶೆಡ್ಡು ಬುಡದಿಂದ ಅದುರುತ್ತದೆ. ಶೆಡ್ಡಿನ ಜೊತೆ ಮೇಜು, ಮೇಜಿನ ಜೊತೆ ಮಸಿಯ ಪೆನ್ನು. ಗೆರೆ ಕೂದಲೆಳೆಯಷ್ಟು ಹೊರಳಿ ಪಕ್ಕದ ಗೆರೆಗೆ ತಾಗಿದರೆ ಸಾಕು, ಒಂದು ರೇಡಿಯೋ ಮೂಕವಾಗುತ್ತದೆ. ಹಾಗಾಗಿ ಯಲಹಂಕದಿಂದ ಹೊರಡುವ ಮೊದಲ ಪ್ಯಾಸೆಂಜರ್ ಗಾಡಿ ಹಿಡಿದು, ಬೆಳಕು ಹರಿಯುವ ಹೊತ್ತಿಗೆ ಅವರು ಇಲ್ಲಿ ಹಾಜರು.

ಮೇಜು ಅಂದರೆ ದೊಡ್ಡ ಮೇಜೇನಲ್ಲ. ಟೀ ಪುಡಿ ತುಂಬಿ ಬರುವ ಮರದ ಪೆಟ್ಟಿಗೆ, ಅದರೊಳಗೊಂದು ಬಲ್ಬು, ಮೇಲೆ ಕಿಟಕಿಯಿಂದ ಬಿಚ್ಚಿ ತಂದ ಗಾಜು. ಗಾಜಿನ ಮೇಲೆ ಇಂಚನ್ನು ಹತ್ತು ಭಾಗ ಮಾಡಿದ ಚೌಕುಳಿ ಹಾಳೆ. ಕೆಳಗಿನಿಂದ ಬೆಳಕು ಬಿದ್ದಾಗ ಹಾಳೆಯ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಬ್ಯಾಟರಾಯಪ್ಪನವರು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಒಂದು ಚೌಕದ ಮೂಲೆಯಿಂದ ಇನ್ನೊಂದರ ಮೂಲೆಗೆ ಕಪ್ಪು ಹಾದಿ ಹಾಕುತ್ತಾರೆ. ಕೈ ಬಂಡೆಯಂತೆ ನಿಂತಿರುತ್ತದೆ. ಕಾಲುಗಳು ಮಾತ್ರ ಸ್ಟೂಲಿನ ಕೆಳಗೆ ಏನನ್ನೋ ಹುಡುಕುತ್ತಿರುತ್ತವೆ. ಐವತ್ತು ದಾಟಿದ ಮನುಷ್ಯ, ಬೆಂಚಿನ ಮೇಲೆ ಕೂರಿಸಿದ ಶಾಲೆಯ ಹುಡುಗನ ಹಾಗೆ ಕಾಲಾಡಿಸುವುದನ್ನು ನೋಡಿದರೆ ನಗು ಬರುತ್ತದೆ.

"ಕಾಲಿಗೆ ಇನ್ನೂ ಗುಂಡಿದೇ ಗ್ಯಾನ," ಎಂದು ಅವರೇ ನಗುತ್ತಾರೆ.

ಗುಂಡಿ ಎಂದರೆ ಮಗ್ಗದ ಗುಂಡಿ. ಯಲಹಂಕದ ಹಳೇ ಪೇಟೆಯ ಅವರ ಮನೆಯ ನಡುಭಾಗದಲ್ಲಿ ಅದು ಈಗಲೂ ಇದೆ. ನೇಯುವವನು ಅದರಲ್ಲಿ ಕಾಲು ಇಳಿಬಿಟ್ಟು, ನೆಲಮಟ್ಟದಲ್ಲಿ ಕೂತು ಲಾಳಿ ಆಡಿಸಬೇಕು. ಅಪ್ಪ ಅಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ ಅಲ್ಲೇ ಕೂತು ನೇಯುತ್ತ, ಜೊತೆಗೆ ಅಂಚಿನ ನಕ್ಷೆ ಬರೆಯುವುದನ್ನೂ ಕಲಿತರು. ಹಂಸ, ಮಾವಿನಕಾಯಿ, ಗೋಪುರ, ರುದ್ರಾಕ್ಷಿ, ಯಾವುದನ್ನೇ ಹೇಳಿ, ಗ್ರಾಫ್ ಹಾಳೆಯ ಮೇಲೆ ಒಂದೊಂದು ಚೌಕದ ಮನೆಗೂ ಬಣ್ಣ ತುಂಬಿ ಕೊಡುತ್ತಿದ್ದರು. ಒಂದು ಮನೆ ಎಂದರೆ ಒಂದು ಎಳೆ. ಹಾಳೆಯಲ್ಲಿ ತಪ್ಪಿದರೆ ಸೀರೆಯಲ್ಲೂ ತಪ್ಪಿದ ಹಾಗೆಯೇ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ನಕ್ಷೆ ಬರೆಸುತ್ತಿದ್ದ ಸಾಹುಕಾರರು ಒಬ್ಬೊಬ್ಬರಾಗಿ ದೊಡ್ಡಬಳ್ಳಾಪುರದ ಕಡೆಗೆ ಹೊರಟರು. ಬ್ಯಾಟರಾಯಪ್ಪನವರ ಹಾಳೆಗಳನ್ನು ಕೇಳುವವರು ಕಡಿಮೆಯಾದರು.

ಅಂಥ ದಿನಗಳಲ್ಲೇ ವೆಂಕಟರಾಮಯ್ಯನವರು ಮಗಳ ಮದುವೆಗೆ ಸೀರೆ ನೋಡಲು ಬಂದದ್ದು. ಯಶವಂತಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು, ವಾಲ್ವಿನ ಕಾಲ ಮುಗಿಯಿತು, ಇನ್ನೇನಿದ್ದರೂ ಟ್ರಾನ್ಸಿಸ್ಟರಿನ ಕಾಲ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದ ಉತ್ಸಾಹಿ ಅವರು. ಸೀರೆ ನೋಡಲು ಬಂದವರ ಕಣ್ಣು ಗೋಡೆಗೆ ಒರಗಿಸಿದ್ದ ಹಾಳೆಯ ಮೇಲೆ ಬಿತ್ತು.

"ಬ್ಯಾಟರಾಯಪ್ನೋರೇ, ಹಂಸದ ಬದಲು ಈ ಮನೆಗಳಲ್ಲಿ ತಂತಿ ಬರೀತೀರಾ?" ಎಂದು ಕೇಳಿದರಂತೆ.

"ಯಾವ ತಂತಿ ಸ್ವಾಮಿ?"

"ರೇಡಿಯೋ ಒಳಗಿನ ತಂತಿ. ಇನ್ಮೇಲೆ ತಂತಿ ಎಳೆಯೋ ಹಾಗಿಲ್ಲ, ಹಲಗೆ ಮೇಲೆ ತಾಮ್ರದಲ್ಲೇ ಅಚ್ಚು ಹಾಕ್ಬಿಡೋದು. ನಂಗೂ ಸರಿಯಾಗಿ ಗೊತ್ತಿಲ್ಲ ಅನ್ನಿ. ಬನ್ನಿ, ಇಬ್ರೂ ಸೇರಿ ಕಲಿಯೋಣ."

ಸೀರೆಯನ್ನೂ ಕೊಂಡರು, ನಕ್ಷೆಗಾರನನ್ನೂ ಯಾರ್ಡಿನ ಪಕ್ಕದ ತಮ್ಮ ಶೆಡ್ಡಿಗೆ ಕರೆದುಕೊಂಡು ಹೊರಟರು. ಬ್ಯಾಟರಾಯಪ್ಪನವರ ಹೆಂಡತಿ ಕೃಷ್ಣಮ್ಮನವರಿಗೆ ಈ ಹೊಸ ಕೆಲಸದ ಮೇಲೆ ನಂಬಿಕೆ ಹುಟ್ಟಲಿಲ್ಲ. ಮಗ್ಗವನ್ನು ಬಿಚ್ಚಿ ದೊಡ್ಡಬಳ್ಳಾಪುರದ ತಮ್ಮ ಅಣ್ಣನ ಮನೆಗೆ ಕಳಿಸಿದರು, ಆದರೆ ತಾವು ಹೇಳುವವರೆಗೆ ಅದನ್ನು ಜೋಡಿಸಿ ಹೂಡಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಗುಂಡಿಗೆ ಮಣ್ಣು ತುಂಬಲಿಲ್ಲ, ಮೇಲೊಂದು ಹಲಗೆ ಮುಚ್ಚಿದರು. ಹೊಸ ಕೆಲಸ ಕೈಕೊಟ್ಟರೆ ಮಗ್ಗ ವಾಪಸ್ಸು ಬರುತ್ತದೆ, ನೆಲೆಗೊಂಡರೆ ಗುಂಡಿಗೆ ಮಣ್ಣು. ಅಲ್ಲಿಯವರೆಗೆ ಮನೆಯವರೆಲ್ಲ ಆ ಹಲಗೆಯನ್ನು ದಾಟಿಕೊಂಡೇ ಓಡಾಡಬೇಕು.

ಕೆಲಸವೇನೋ ಕೇಳಲು ಸುಲಭ. ಮಸಿಯಲ್ಲಿ ಬರೆದ ಚಿತ್ರವನ್ನು ಫೋಟೋ ಸ್ಟುಡಿಯೋದಲ್ಲಿ ಅರ್ಧಕ್ಕೆ ಇಳಿಸಿ, ತಾಮ್ರ ಹೊದಿಸಿದ ಹಲಗೆಯ ಮೇಲೆ ಅಚ್ಚೊತ್ತಿ, ದ್ರಾವಣದಲ್ಲಿ ಅದ್ದುತ್ತಾರೆ. ಗೆರೆ ಇರುವಲ್ಲಿ ತಾಮ್ರ ಉಳಿಯುತ್ತದೆ, ಮಿಕ್ಕಿದ್ದು ಕರಗಿಹೋಗುತ್ತದೆ. ರೇಡಿಯೋದ ಬಿಡಿಭಾಗಗಳ ಕಾಲುಗಳು ಆ ಹಲಗೆಯ ತೂತುಗಳಿಗೆ ಇಳಿಯಬೇಕು. ಕಾಲುಗಳ ನಡುವಿನ ಅಂತರ ಕಾರ್ಖಾನೆಯಲ್ಲೇ ನಿಶ್ಚಯವಾಗಿ ಬಂದಿರುತ್ತದೆ, ನಮ್ಮ ಇಷ್ಟಕ್ಕೆ ಎಳೆದು ಬಗ್ಗಿಸುವ ಹಾಗಿಲ್ಲ. ಅದಕ್ಕಾಗಿ ಪ್ರತಿ ತೂತೂ ಚೌಕುಳಿಯಲ್ಲಿ ಗೆರೆಗೆ ಗೆರೆ ಕೂಡುವ ಜಾಗದಲ್ಲೇ ಬೀಳಬೇಕು.

ಇಷ್ಟನ್ನು ಕೇಳಿ ಬ್ಯಾಟರಾಯಪ್ಪನವರು, ಇದೇನು ಮಹಾ, ಹುಟ್ಟಿದಾಗಿಂದ ಮಾಡುತ್ತಿರುವ ಕೆಲಸವೇ ಎಂದುಕೊಂಡರು. ಮನೆಯಲ್ಲಿದ್ದ ಒಳ್ಳೆಯ ಗ್ರಾಫ್ ಹಾಳೆಯನ್ನೇ ತಂದು, ಮೊದಲ ನಕ್ಷೆಯನ್ನು ಮುತ್ತಿನಂತೆ ಬರೆದುಕೊಟ್ಟರು. ವೆಂಕಟರಾಮಯ್ಯನವರು ಭೇಷ್ ಎಂದರು. ಹಲಗೆ ತಯಾರಾಗಿ ಬಂತು. ಕಾಲುಗಳನ್ನು ಇಳಿಸಲು ಹೋದರೆ, ಅಡ್ಡಡ್ಡಕ್ಕೆ ಸರಿಯಾಗಿ ಕೂರುತ್ತವೆ, ಉದ್ದುದ್ದಕ್ಕೆ ಕೂರುವುದಿಲ್ಲ! ಇಬ್ಬರೂ ಹಲಗೆಯನ್ನು ಹಾಗೆ ತಿರುಗಿಸಿ ಹೀಗೆ ತಿರುಗಿಸಿ ತಲೆ ಕೆರೆದುಕೊಂಡರು. ಕೊನೆಗೆ ಹಾಳೆಯ ಮೇಲೆ ಅಡಿಪಟ್ಟಿ ಇಟ್ಟಾಗ ಗುಟ್ಟು ರಟ್ಟಾಯಿತು. ಸೀರೆಯಲ್ಲಿ ಉದ್ದಕ್ಕೆ ಓಡುವ ಹಾಸಿನ ಎಳೆ ಒತ್ತಾಗಿರುತ್ತದೆ, ಅಡ್ಡಕ್ಕೆ ಓಡುವ ಹೊಕ್ಕಿನ ಎಳೆ ವಿರಳ. ಅದಕ್ಕೆ ತಕ್ಕಂತೆ ಮಗ್ಗದ ಗ್ರಾಫಿನ ಮನೆಗಳು ನಿಜವಾದ ಚೌಕವಲ್ಲ, ಒಂದು ಕಡೆಗೆ ಸ್ವಲ್ಪ ಉದ್ದ.

"ಅದನ್ನ ನೋಡ್ಕೊಂಡೇ ದೊಡ್ಡೋನಾದೋನು ನಾನು. ನನ್ನ ಕಣ್ಣಿಗೆ ಅದೇ ಚೌಕ," ಎನ್ನುತ್ತಾರೆ ಬ್ಯಾಟರಾಯಪ್ಪ. "ನಿಜವಾದ ಚೌಕದ ಆಳೆ ಕೊಟ್ರಲ್ಲ, ಅದು ಅದುಮಿದಂಗೆ ಕಾಣೋದು. ಕಣ್ಣು ಒಗ್ಗೋಕೆ ಎಷ್ಟೋ ದಿನ ಆಯ್ತು."

ಕಣ್ಣು ಒಗ್ಗಿತು. ಎರಡನೆಯ ನಕ್ಷೆಯಲ್ಲಿ ಕಾಲುಗಳೆಲ್ಲ ಗುರಿ ಇಟ್ಟು ಹೊಡೆದಂತೆ ಇಳಿದವು. ಅಷ್ಟಕ್ಕೇ ಸುಮ್ಮನಿದ್ದರೆ ನೇಕಾರ ಹೇಗಾದಾನು? ಬಲಕ್ಕೊಂದು ಬಳ್ಳಿಯ ಬಳುಕು ಬಂದರೆ ಎಡಕ್ಕೂ ಒಂದು ಬಳುಕು, ಖಾಲಿ ಕಂಡಲ್ಲೆಲ್ಲ ಅಗಲವಾದ ತಾಮ್ರ. ಖಾಲಿ ಜಾಗ ಎಂದರೆ ಅವರ ಪಾಲಿಗೆ ಎಳೆ ಬಿಟ್ಟುಹೋದ ಸೀರೆ. ಕಿಲುಬು ಹಿಡಿಯಬಾರದೆಂದು ವೆಂಕಟರಾಮಯ್ಯನವರು ಮೇಲಿಂದ ಮೇಲೆ ವಾರ್ನಿಷ್ ಬಳಿಸಿದರು. ಹಲಗೆ ಮದುವೆಯ ಸೀರೆಯ ಸೆರಗಿನಂತೆ ಮಿನುಗುತ್ತಿತ್ತು.

ಆ ಮಿನುಗಿನಿಂದಲೇ ಮಾನ ಹೋಯಿತು. ಗ್ರಾಮ ಪಂಚಾಯಿತಿಗಳ ಕಟ್ಟೆಯ ಮೇಲೆ ಇಡುವ ಬ್ಯಾಟರಿ ರೇಡಿಯೋಗಳಿಗಾಗಿ ಒಂದು ಸರ್ಕಾರಿ ಕಚೇರಿ ಮಾದರಿ ಕೇಳಿತ್ತು. ತೆಗೆದುಕೊಂಡು ಹೋದ ಸೆಟ್ಟುಗಳಲ್ಲಿ ಒಂದು ಅಧಿಕಾರಿಯ ಎದುರಿಗೇ ಕೈಕೊಟ್ಟಿತು. ಕೆಡುವುದು ದೊಡ್ಡದಲ್ಲ, ಎಲ್ಲಿ ಕೆಟ್ಟಿದೆ ಎಂದು ತೋರಿಸಿ ಎಂದರು ಅಧಿಕಾರಿ. ಸೆಟ್ಟುಗಳನ್ನು ಪರೀಕ್ಷೆ ಮಾಡುವ ಬದರುನ್ನೀಸಾ ಮೀಟರಿನ ತಂತಿಯ ಮೊನೆ ಹಿಡಿದು ನಿಂತರು. ಇಡಲು ಜಾಗವೇ ಇಲ್ಲ, ಎಲ್ಲೆಲ್ಲೂ ವಾರ್ನಿಷ್. ಬ್ಲೇಡಿನಿಂದ ಕೆರೆಯಲು ಹೋದರು. ವಾರ್ನಿಷ್ ಜೊತೆ ತಾಮ್ರದ ಎಳೆಯೂ ಕಿತ್ತು ಬಂತು. ಇನ್ನೊಂದೇ ಒಂದು ಸಲ ನೋಡುತ್ತೇವೆ ಎಂದು ಅಧಿಕಾರಿ ಹೇಳಿ ಕಳಿಸಿದರು.

ಬದರುನ್ನೀಸಾ ಯಶವಂತಪುರದವರೇ. ರೈಲ್ವೆಯಲ್ಲಿದ್ದ ಗಂಡ ತೀರಿಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಈ ಕೆಲಸಕ್ಕೆ ಸೇರಿದವರು. ಮಾತು ಕಡಿಮೆ, ಆಡಿದರೆ ನೇರ. ಅಂದು ವಾಪಸ್ಸು ಬಂದವರೇ ಹಲಗೆಯನ್ನು ಚೌಕುಳಿ ಹಾಳೆಯ ಮೇಲೆ ಇಟ್ಟರು.

"ಅಣ್ಣಾ, ಚೆನ್ನಾಗೇನೋ ಬರ್ದಿದೀರ. ಆದ್ರೆ ರೋಗಿಗೆ ತಲೆಯಿಂದ ಕಾಲ್ವರೆಗೂ ರಜಾಯಿ ಹೊದಿಸ್ಬಿಟ್ರೆ ನಾನು ನಾಡಿ ಎಲ್ಲಿ ನೋಡ್ಲಿ? ನಂಗೆ ಒಂದಿಷ್ಟು ಬರಿ ಜಾಗ ಕೊಡಿ."

"ಬರಿ ಜಾಗ ಬುಟ್ರೆ ಚೆಂದಾಗಿರ್ತದಾ ಬದರಮ್ಮ?"

"ಹಾಡಿದ್ರೆ ಚೆಂದ ಅಣ್ಣಾ. ಪೆಟ್ಟಿಗೆ ಮುಚ್ಚಿದ್ಮೇಲೆ ನಿಮ್ ಬಳ್ಳಿ ಯಾರ್ ನೋಡ್ತಾರೆ?"

ಈ ಮಾತು ಬ್ಯಾಟರಾಯಪ್ಪನವರಿಗೆ ಚುಚ್ಚಿತು. ಆ ದಿನ ಊಟ ಸೇರಲಿಲ್ಲ ಎಂದು ಈಗಲೂ ಒಪ್ಪಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ತಾವಾಗಿಯೇ ಕೆಂಪು ಪೆನ್ಸಿಲನ್ನು ಬದರುನ್ನೀಸಾರ ಕೈಗೆ ಕೊಟ್ಟರು. ಬ್ಯಾಟರಿ ಬಂದು ಸೇರುವ ಜಾಗ, ಮೊದಲ ಟ್ರಾನ್ಸಿಸ್ಟರಿನ ಆಚೆ, ಎರಡನೆಯದರ ಆಚೆ, ಕೊನೆಗೆ ಸ್ಪೀಕರಿನ ಬಾಗಿಲು, ಹೀಗೆ ಶಬ್ದ ಸಾಗುವ ದಾರಿಯಲ್ಲಿ ಎಲ್ಲೆಲ್ಲಿ ಮೊನೆ ಇಡಬೇಕೋ ಅಲ್ಲೆಲ್ಲ ಅವರು ಗುರುತು ಹಾಕಿದರು. ಅಷ್ಟು ಚೆಂದದ ಬಳ್ಳಿಗಳನ್ನು ಅಳಿಸಿ, ಆ ಗುರುತುಗಳಿಗೆ ಜಾಗ ಮಾಡುತ್ತ ಬ್ಯಾಟರಾಯಪ್ಪನವರು ಹೊಸದಾಗಿ ಬರೆದರು. ಗುರುತಿಗೊಂದು ದುಂಡನೆಯ ತಾಮ್ರದ ಚುಕ್ಕೆ, ಅದರ ಮೇಲೆ ವಾರ್ನಿಷ್ ಇಲ್ಲ, ಪಕ್ಕದಲ್ಲೊಂದು ಅಂಕಿ. ಶೆಡ್ಡಿನಲ್ಲಿ ಇದಕ್ಕೆ ಟೆಸ್ಟ್ ಪಾಯಿಂಟು ಎನ್ನುತ್ತಾರೆ.

ಹಳೆಯ ಚಾಳಿ ಸುಮ್ಮನೆ ಬಿಡುತ್ತದೆಯೇ! ಚುಕ್ಕೆಗಳನ್ನೂ ರುದ್ರಾಕ್ಷಿ ಅಂಚಿನ ಹಾಗೆ ಒತ್ತೊತ್ತಾಗಿ ಜೋಡಿಸಿದರು. ಬದರುನ್ನೀಸಾ ಮೀಟರಿನ ಮೊನೆಯನ್ನು ಹಾಳೆಯ ಮೇಲೆ ಇಟ್ಟು ಸ್ವಲ್ಪ ವಾಲಿಸಿದರು. ಅದು ಎರಡು ಚುಕ್ಕೆಗಳಿಗೂ ಒಟ್ಟಿಗೇ ತಾಗಿತು. ನಿಜವಾದ ಸೆಟ್ಟಿನಲ್ಲಿ ಹೀಗಾದರೆ ಟ್ರಾನ್ಸಿಸ್ಟರ್ ಸುಟ್ಟೇಹೋಗುತ್ತದೆ. ಕಡೆಗೆ ಇಬ್ಬರೂ ರಾಜಿಯಾದರು: ಚುಕ್ಕೆಗಳ ನಡುವೆ ಧಾರಾಳವಾಗಿ ಜಾಗ ಬಿಡುವುದು ಬದರುನ್ನೀಸಾರ ಮಾತಿನಂತೆ, ಎಲ್ಲ ಚುಕ್ಕೆಗಳೂ ಹಲಗೆಯ ಅಂಚಿನಲ್ಲಿ ಒಂದೇ ಸಾಲಾಗಿ, ಗೆರೆಗೆ ಗೆರೆ ಕೂಡುವ ಜಾಗದಲ್ಲೇ ಬೀಳುವುದು ಬ್ಯಾಟರಾಯಪ್ಪನವರ ಮಾತಿನಂತೆ.

ಆ "ಇನ್ನೊಂದೇ ಒಂದು ಸಲ" ಇವತ್ತು. ಈ ಸಲ ಅಧಿಕಾರಿ ಶೆಡ್ಡಿಗೇ ಬರುತ್ತಿದ್ದಾರೆ. ಈ ಮಾದರಿಯೂ ಒಪ್ಪಿಗೆಯಾಗದಿದ್ದರೆ ಹಲಗೆಯ ಕೆಲಸ ನಿಲ್ಲಿಸಿ ರಿಪೇರಿಗೆ ಮರಳುವುದಾಗಿ ವೆಂಕಟರಾಮಯ್ಯನವರು ಸಂಕಟಪಟ್ಟುಕೊಂಡೇ ಹೇಳಿದ್ದಾರೆ. ರಿಪೇರಿ ಅಂಗಡಿಯಲ್ಲಿ ನಕ್ಷೆಗಾರನಿಗೆ ಏನು ಕೆಲಸ? ಬೆಳಿಗ್ಗೆ ಹೊರಡುವಾಗ ಕೃಷ್ಣಮ್ಮ ಬುತ್ತಿ ಕೊಟ್ಟು, "ಅಣ್ಣಯ್ಯಂಗೆ ಏನಂತ ಕಾಗ್ದ ಬರ್ಸಾನ?" ಎಂದಷ್ಟೇ ಕೇಳಿದರಂತೆ. "ಸಂಜೆ ತಂಕ ತಡಿ," ಎಂದು ಇವರು ರೈಲು ಹತ್ತಿದ್ದಾರೆ.

ಆಕಾಶವಾಣಿಯ ಮಧ್ಯಾಹ್ನದ ಪ್ರಸಾರ ಶುರುವಾಗುವ ಹೊತ್ತಿಗೆ ಸರಿಯಾಗಿ ಅಧಿಕಾರಿ ಬರುತ್ತಾರೆ. ಕೇಳಿಸಿಕೊಳ್ಳಲು ಏನಾದರೂ ಇರಬೇಕಲ್ಲ! ಸೆಟ್ಟುಗಳನ್ನು ಸಾಲಾಗಿ ಹಚ್ಚಿದ್ದಾರೆ. ಎಲ್ಲವೂ ಒಂದೇ ಬಾಯಲ್ಲಿ ಪೇಟೆ ಧಾರಣೆ ಓದುತ್ತವೆ. ರಾಗಿ, ಹುರುಳಿ, ತೊಗರಿ. ಅಧಿಕಾರಿ ಒಂದೊಂದನ್ನೂ ಎತ್ತಿ, ಅಲುಗಿಸಿ, ಕೆಳಗಿಡುತ್ತಾರೆ. ತುದಿಯ ಸೆಟ್ಟನ್ನು ಕೆಳಗಿಟ್ಟಿದ್ದೇ ತಡ, ತೊಗರಿಯ ನಡುವೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ.

ವೆಂಕಟರಾಮಯ್ಯನವರ ಮುಖ ಇಳಿದುಹೋಗುತ್ತದೆ. ಬ್ಯಾಟರಾಯಪ್ಪನವರು ಆ ಕಡೆ ನೋಡಲಾರದೆ ಗಾಜಿನ ಮೇಲಿನ ಖಾಲಿ ಹಾಳೆಯನ್ನೇ ನೋಡುತ್ತ ನಿಲ್ಲುತ್ತಾರೆ. ಕಣ್ಣೆದುರಿಗೆ ಮನೆಯ ಹಲಗೆ, ಹಲಗೆಯ ಕೆಳಗಿನ ಗುಂಡಿ.

ಬದರುನ್ನೀಸಾ ಸೆಟ್ಟಿನ ಬೆನ್ನು ಬಿಚ್ಚುತ್ತಾರೆ. ಮೊದಲ ಚುಕ್ಕೆಗೆ ಮೊನೆ ಇಡುತ್ತಾರೆ. ಮೀಟರಿನ ಮುಳ್ಳು ಏಳುತ್ತದೆ. ಎರಡನೆಯ ಚುಕ್ಕೆ, ಏಳುತ್ತದೆ. ಮೂರನೆಯದಕ್ಕೆ ಇಟ್ಟರೆ ಮುಳ್ಳು ಮಲಗಿಯೇ ಇದೆ.

"ಎರಡಕ್ಕೂ ಮೂರಕ್ಕೂ ಮಧ್ಯೆ ಸರ್," ಎಂದು ಹೇಳಿ, ಆ ನಡುವಿನ ಕಾಲೊಂದನ್ನು ಬೆರಳಿನಿಂದ ತಟ್ಟುತ್ತಾರೆ. ಬೆಸುಗೆ ಬಿಟ್ಟಿದೆ. ಕಾದ ಕಡ್ಡಿ ಮುಟ್ಟಿಸಿದ ಕ್ಷಣ ಸೆಟ್ಟು ಬಾಯಿ ಬಿಡುತ್ತದೆ. ಅಷ್ಟರಲ್ಲಿ ಧಾರಣೆ ತೊಗರಿ ದಾಟಿ ಕಡಲೆಕಾಯಿಗೆ ಬಂದಿದೆ.

ಅಧಿಕಾರಿ ಬಗ್ಗಿ ಹಲಗೆಯನ್ನು ನೋಡುತ್ತಾರೆ. "ಈ ಚುಕ್ಕೆಗಳು ಎಲ್ಲಾ ಸೆಟ್ಟಲ್ಲೂ ಇರುತ್ವಾ?"

"ಇರ್ತಾವೆ ಸ್ವಾಮಿ," ಎನ್ನುತ್ತಾರೆ ಬ್ಯಾಟರಾಯಪ್ಪ. "ಎಲ್ಲಾದ್ರಲ್ಲೂ ಇದೇ ಜಾಗದಲ್ಲೇ ಇರ್ತಾವೆ. ಒಂದ್ ಕೂದ್ಲೂ ಆಚೆ ಈಚೆ ಓಗಲ್ಲ."

"ಹಾಗಾದ್ರೆ ಹಳ್ಳೀಲಿ ಕೆಟ್ರೂ ತಾಲ್ಲೂಕಿನ ರಿಪೇರಿಯೋನು ನೋಡ್ಕೋತಾನೆ," ಎಂದು ಅಧಿಕಾರಿ ಜೇಬಿನಿಂದ ಪೆನ್ನು ತೆಗೆಯುತ್ತಾರೆ. ಬೇರೆ ಹೊಗಳಿಕೆ ಏನೂ ಇಲ್ಲ. ಅವರು ಹೊರಟ ಮೇಲೆ ಬದರುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ ಸಾಲೂ ಚೆನ್ನಾಗೇ ಕಾಣ್ತದೆ ಬಿಡಿ ಅಣ್ಣಾ," ಎಂದಾಗ ಬ್ಯಾಟರಾಯಪ್ಪನವರಿಗೆ ಆದ ಸಂತೋಷ ಸಹಿಯಿಂದಲೂ ಆಗಿರಲಿಲ್ಲ.

ಸಂಜೆ ಯಲಹಂಕದ ಮನೆಯ ಬಾಗಿಲಲ್ಲೇ ಕೃಷ್ಣಮ್ಮ ನಿಂತಿದ್ದಾರೆ. ಗಂಡನ ಮುಖ ನೋಡಿದವರಿಗೆ ಕೇಳುವುದೇನೂ ಉಳಿಯುವುದಿಲ್ಲ.

"ಅಂಗಾದ್ರೆ ನಾಳೇನೇ ಒಂದು ಗಾಡಿ ಮಣ್ಣು ತರಿಸ್ಬುಡಾನ," ಎನ್ನುತ್ತಾರೆ. "ಈ ಅಲಗೆ ದಾಟಿ ದಾಟಿ ನಂಗೂ ಸಾಕಾಯ್ತು."

"ಮಣ್ಣು ಬ್ಯಾಡ."

ಕೃಷ್ಣಮ್ಮ ಗಾಬರಿಯಾಗುತ್ತಾರೆ. "ಯಾಕೆ? ಮಗ್ಗ ವಾಪಸ್ ತರ್ತೀರಾ?"

"ಮಗ್ಗಾನ ನಿಮ್ಮಣ್ಣ ಊಡ್ಕೊಳ್ಳಿ, ಕಾಗ್ದ ಬರಿಸು. ಗುಂಡಿ ಮಾತ್ರ ನಂಗಿರ್ಲಿ." ಅವರು ಹಲಗೆಯನ್ನು ಪಕ್ಕಕ್ಕೆ ಸರಿಸಿ, ಕೆಳಗೆ ಬಗ್ಗಿ ನೋಡುತ್ತಾರೆ. "ಇದ್ರೊಳ್ಗೆ ಒಂದು ಬಲ್ಬು ಇಳಿಬುಡ್ತೀನಿ. ಮ್ಯಾಲೆ ಒಂದು ಗಾಜು. ವೆಂಕಟರಾಮಯ್ನೋರು ಮನೇಲೇ ಬರೀರಿ ಅಂದವ್ರೆ."

ಅಷ್ಟೇ ಅವರ ಆಸೆ, ಒಂದು ಗಾಜು. ಕೃಷ್ಣಮ್ಮ ಒಳಗಿನಿಂದ ಪೊರಕೆ ತಂದು, ಗುಂಡಿಯ ಗೋಡೆಗೆ ಕಟ್ಟಿದ ಜೇಡರಬಲೆಯನ್ನು ತೆಗೆಯುತ್ತಾರೆ. ಬ್ಯಾಟರಾಯಪ್ಪನವರು ಅಂಚಿನಲ್ಲಿ ಕೂತು ಕಾಲು ಇಳಿಬಿಡುತ್ತಾರೆ. ಅಪ್ಪನ ಕಾಲು ತಾಗಿ ತಾಗಿ ನುಣುಪಾದ ನೆಲ ಕಾಲಿಗೆ ಸಿಗುತ್ತದೆ. ಬೆಳಗಿನಿಂದ ಆಡುತ್ತಿದ್ದ ಕಾಲುಗಳು ಅಲ್ಲಿ ತೆಪ್ಪಗೆ ನಿಲ್ಲುತ್ತವೆ.

"ಇಲ್ಲಿ ಯಾವ ರೈಲೂ ಅದುರ್ಸಲ್ಲ ಕಣಮ್ಮಿ," ಎನ್ನುತ್ತಾರೆ. "ಇನ್ಮ್ಯಾಕೆ ಬೆಳಕು ಅರಿಯೋಕೆ ಮುಂಚೆ ಓಡ್ಬೇಕಾಗಿಲ್ಲ. ಓಗು, ಒಂದು ಚೌಕುಳಿ ಆಳೆ ತತ್ತಾ. ಬದರಮ್ಮಂಗೆ ಇನ್ನೂ ಎರಡು ಚುಕ್ಕೆ ಬೇಕಂತೆ."