ಜಾಗ ಬದಲಿಸುವ ನೋವು

ನನ್ನ ತಂಗಿ ಬಟ್ಟೆ ಹೊಲಿಯುವವಳು. ಅವಳ ಮಗಳಿಗೆ ಗಂಟಲುನೋವು ಬಂದು ಹೋದ ಮೇಲೆ ಸಣ್ಣ ಜ್ವರ ಬಂತು. ಮೊದಲು ಮಂಡಿ ನೋಯಿತು, ಅದು ವಾಸಿಯಾಗಿ ಮೊಣಕೈ ಹಿಡಿಯಿತು.

"ನಿನ್ನೆ ಕಾಲು, ಇವತ್ತು ಕೈ, ನಾಳೆ ಮೂಗಾ? ಗುಂಡಿ ಹಾಕೋಕೆ ಸೋಮಾರಿತನ ಕಣೇ ನಿಂಗೆ" ಅಂತ ತಂಗಿ ಬೈದು ಕೆಲಸಕ್ಕೆ ಕೂರಿಸಿದಳು.

ಆಮೇಲೆ ಹುಡುಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದಳು. ಆ ಜ್ವರ ಕೀಲುಗಳನ್ನು ಬಿಟ್ಟು ಹೃದಯದ ಕವಾಟ ಕೆಡಿಸಿದೆ, ಮರುಕಳಿಸದ ಹಾಗೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್ ತಪ್ಪಿಸಬೇಡಿ ಅಂದರು ಡಾಕ್ಟರು.

ಮೊನ್ನೆ ಹುಡುಗಿ ಹಟ ಹಿಡಿದಳು. "ಇಂಜೆಕ್ಷನ್ ಬೇಡಮ್ಮ, ಈಗೆಲ್ಲೂ ನೋವಿಲ್ಲ."

"ಅವತ್ತು ನೋವಿದೆ ಅಂದಾಗ ನಾನು ನಂಬಲಿಲ್ಲ. ಈಗ ಇಲ್ಲ ಅಂದರೆ ನಂಬೋ ಧೈರ್ಯ ಇಲ್ಲ ಮಗಾ" ಅಂದ ತಂಗಿ ತಲೆ ಎತ್ತಲಿಲ್ಲ.

"ಸರಿ, ಅಳಬೇಡ, ನಡಿ" ಅಂತ ಹುಡುಗಿಯೇ ಚಪ್ಪಲಿ ಮೆಟ್ಟಿದಳು.