ಗೇಟಿಗೆ ಇನ್ನೊಂದು ಕೋಟು

ಎದುರು ಮನೆಯ ಮಹಡಿಗೆ ಬಾಡಿಗೆಗೆ ಬಂದ ಮಿಷನರಿಗೆ ಬೀದಿಯವರು ಇಟ್ಟ ಹೆಸರು ಇಸ್ತ್ರಿಯಣ್ಣ. ಅಂಗಿಯಲ್ಲಿ ಒಂದು ಸುಕ್ಕು ಬಿದ್ದರೆ ಪರಲೋಕದ ಬಾಗಿಲೇ ಮುಚ್ಚಿಹೋಗುತ್ತದೆ ಅನ್ನುವಂಥ ಮನುಷ್ಯ. ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ತುಳಿಯುವ ಟೈಲರಕ್ಕನಿಗೆ ಅವನ ವಾರವೆಲ್ಲ ಬಾಯಿಪಾಠ. ಬೆಳಕು ಹರಿಯುವ ಮೊದಲೇ ಅವನೂ ಅವನ ಜೊತೆಗಾರನೂ ಮೇಜಿಗೆ ಕೂತು ಪವಿತ್ರ ಗ್ರಂಥ ತೆರೆಯುತ್ತಿದ್ದರು. ಜೊತೆಗಾರ ಕಂಬದಂಥ ಆಳು, ಬಾಯಿ ಬಿಡುತ್ತಿದ್ದದ್ದು ಹೌದು ಅನ್ನುವುದಕ್ಕೆ ಮಾತ್ರ. ಇಸ್ತ್ರಿಯಣ್ಣ ಸಾಲುಗಳ ಕೆಳಗೆ ಬಣ್ಣದ ಪೆನ್ಸಿಲ್ ಎಳೆಯುತ್ತಿದ್ದ: ಪಾಪಕ್ಕೆ ಕೆಂಪು, ಸೇವೆಗೆ ನೀಲಿ. ಆಮೇಲೆ ಮನೆಮನೆ ಸುತ್ತಾಟ. ಶುಕ್ರವಾರ ಸೇವೆಯ ದಿನ, ಭಾನುವಾರ ಆ ಸೇವೆಯ ವರ್ಣನೆ.

ಅವನದು ಕಣ್ಣಿಗೆ ಕಾಣುವ ಸೇವೆ. ಟೈಲರಕ್ಕನ ಗೇಟಿಗೇ ಈ ವರ್ಷ ಎರಡು ಸಲ ಬಣ್ಣ ಬಳಿದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದ.

ಸೋಮವಾರ ಅವನು ಬಾಗಿಲಲ್ಲಿ ನಿಂತು ಆ ವಾರದ ಪಾಠ ಹೇಳಿದ. ಕೈಕಾಲು ಬಿದ್ದವನೊಬ್ಬನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತಂದರಂತೆ. ಜನಜಂಗುಳಿಯಲ್ಲಿ ದಾರಿ ಸಿಗದೆ ಚಾವಣಿಯನ್ನೇ ಬಿಚ್ಚಿ, ರೋಗ ವಾಸಿಮಾಡುವ ಸ್ವಾಮಿಯ ಮುಂದೆ ಇಳಿಸಿದರಂತೆ. ಹೇಳುತ್ತಾ ಅವನ ಕಣ್ಣು ಒದ್ದೆಯಾಯಿತು.

"ನಮ್ಮತ್ತೇನ ಶುಕ್ರವಾರ ಮೂಳೆ ಡಾಕ್ಟರ ಹತ್ರ ಹೊತ್ಕೊಂಡು ಹೋಗ್ಬೇಕಪ್ಪ," ಎಂದಳು ಟೈಲರಕ್ಕ. "ಇಬ್ಬರು ಬೇಕು."

"ನಾವಿಲ್ವಾ ಅಕ್ಕ? ಶುಕ್ರವಾರ ನಮ್ಮ ಸೇವೆಯ ದಿನ."

ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಎರಡು ಬೀದಿ ಆಚೆ, ಆಟೋ ನುಗ್ಗದ ಓಣಿಯಲ್ಲಿನ ದವಾಖಾನೆಗೆ ಮೂಳೆ ಡಾಕ್ಟರು ಬರುವುದು ತಿಂಗಳಿಗೊಮ್ಮೆ, ಅದೂ ಮಧ್ಯಾಹ್ನದವರೆಗೆ. ಈ ಸಲ ತೋರಿಸದಿದ್ದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ, ಮತ್ತೆ ನಡೆಯುವ ಆಸೆ ಬಿಡಬೇಕು ಎಂದು ನರ್ಸು ಎಚ್ಚರಿಸಿದ್ದಳು. ಮೂಲೆಮನೆಯ ಬಡಗಿ, ತಾನೂ ತಮ್ಮನೂ ಬಂದು ಎತ್ತುತ್ತೇವೆ ಅಂದಿದ್ದ. "ಬೇಡಣ್ಣ, ಇಸ್ತ್ರಿಯಣ್ಣ ಮಾತು ಕೊಟ್ಟಿದ್ದಾನೆ" ಎಂದು ಟೈಲರಕ್ಕನೇ ಅವರನ್ನು ಕೆಲಸಕ್ಕೆ ಕಳಿಸಿದಳು.

ಶುಕ್ರವಾರ ಇಬ್ಬರೂ ಬಂದರು. ಕೈಯಲ್ಲಿ ಹಳೆಯ ನೀಲಿ ಬಣ್ಣದ ಡಬ್ಬಿಯೂ ಇತ್ತು. ಹೊಸ್ತಿಲ ಹತ್ತಿರ ಇಸ್ತ್ರಿಯಣ್ಣ ಗಕ್ಕನೆ ನಿಂತ.

"ಒಳಗೆ ಗಂಡಸರು ಯಾರಿದ್ದಾರೆ ಅಕ್ಕ?"

"ಗಂಡಸರಿದ್ದಿದ್ರೆ ನಿನ್ನನ್ಯಾಕೆ ಕರೀತಿದ್ದೆ?"

"ಹೆಂಗಸರು ಮಾತ್ರ ಇರೋ ಮನೆಯೊಳಗೆ ನಾವು ಕಾಲಿಡೋ ಹಾಗಿಲ್ಲ. ಮಿಷನ್ನಿನ ನಿಯಮ."

ಒಳಗಿನಿಂದ ಅತ್ತೆ ಕೂಗಿದಳು: "ಗೋಡೆ ಮೇಲೆ ನಿಮ್ಮಾವನ ಫೋಟೋ ಇದೆಯಲ್ಲ, ತೋರಿಸೇ. ಬದುಕಿದ್ದಾಗ್ಲೂ ಅವ್ರು ಮಾಡ್ತಿದ್ದಿದ್ದು ಅಷ್ಟೇ ಕೆಲಸ."

ಜೊತೆಗಾರ ಒಂದು ಕಾಲು ಮುಂದಿಟ್ಟ. ಇಸ್ತ್ರಿಯಣ್ಣ ದುರುಗುಟ್ಟಿ ನೋಡಿದ, ಕಾಲು ಹಿಂದೆ ಹೋಯಿತು. ಅಪ್ಪಣೆ ಕೇಳಲು ಇಸ್ತ್ರಿಯಣ್ಣ ಮಿಷನ್ನಿನ ಹಿರಿಯರಿಗೆ ಫೋನು ಮಾಡಿದ. ಅವರು ಎತ್ತಲಿಲ್ಲ. ಸುಮ್ಮನೆ ನಿಲ್ಲುವುದು ಸೋಮಾರಿತನವಲ್ಲವೇ, ಇಬ್ಬರೂ ಗೇಟಿಗೆ ಬಣ್ಣ ಬಳಿಯತೊಡಗಿದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನನ್ನಾದರೂ ಕ್ಷಮಿಸಬಹುದು. ಇವರು ಕೊಡಕ್ಕೆ ಬಣ್ಣ ಬಳಿಯುವವರು.

ಕಾದು ಕಾದು ಟೈಲರಕ್ಕ ಹಾಲಿನವಳನ್ನು ಕರೆತಂದಳು. ಇಬ್ಬರೂ ಸೇರಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಏದುಸಿರು ಬಿಡುತ್ತಾ ಗೇಟಿನವರೆಗೆ ತಂದರು.

"ಈಗ ಹೊರಗೆ ಬಂದ್ವಲ್ಲ, ಹಿಡ್ಕೊಳ್ಳಪ್ಪ."

ಇಸ್ತ್ರಿಯಣ್ಣ ಎರಡೂ ಕೈ ತೋರಿಸಿದ. "ಕೈಯೆಲ್ಲ ಬಣ್ಣ ಅಕ್ಕ. ಅಜ್ಜಿ ಬಟ್ಟೆ ಹಾಳಾಗುತ್ತೆ." ಗೇಟನ್ನು ಮಾತ್ರ ಮೊಣಕೈಯಿಂದ ಅಗಲವಾಗಿ ತೆರೆದು ಹಿಡಿದ.

ಕುರ್ಚಿ ವಾಲಿತು. ಅತ್ತೆ ಹೆದರಿ ಗೇಟನ್ನೇ ಹಿಡಿದುಕೊಂಡಳು. ಹಸಿ ಬಣ್ಣದಲ್ಲಿ ಅವಳ ಐದು ಬೆರಳೂ ಮೂಡಿದವು.

ಹೆಂಗಸರಿಬ್ಬರು ಇಳಿಸುತ್ತಾ ಎತ್ತುತ್ತಾ ದವಾಖಾನೆ ಮುಟ್ಟುವ ಹೊತ್ತಿಗೆ ಡಾಕ್ಟರ ಕುರ್ಚಿ ಖಾಲಿಯಾಗಿತ್ತು. "ಇನ್ನು ಮುಂದಿನ ತಿಂಗಳು" ಎಂದು ನರ್ಸು ಕಾಲನ್ನು ನೋಡಿ ಮುಖ ತಿರುಗಿಸಿಕೊಂಡಳು. ವಾಪಸು ಬರುವ ದಾರಿಯುದ್ದಕ್ಕೂ ಅತ್ತೆ ಬೆರಳಿಗಂಟಿದ ನೀಲಿ ಬಣ್ಣವನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು. ಟೈಲರಕ್ಕ ಬಡಗಿಯನ್ನು ಬೇಡ ಅಂದ ತನ್ನ ಬಾಯಿಗೇ ಶಾಪ ಹಾಕಿಕೊಂಡಳು.

ಭಾನುವಾರದ ಪ್ರಾರ್ಥನೆಯಲ್ಲಿ ಇಸ್ತ್ರಿಯಣ್ಣ, ನಡೆಯಲಾರದ ಅಜ್ಜಿಯೊಬ್ಬಳಿಗೆ ದಾರಿ ತೆರೆದು ಹಿಡಿಯುವ ಭಾಗ್ಯ ಈ ವಾರ ತನಗೆ ಸಿಕ್ಕಿತೆಂದು ಸಾಕ್ಷಿ ಹೇಳಿದನಂತೆ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರಂತೆ. ಸಂಜೆ ಗರಿಗರಿ ಅಂಗಿಯಲ್ಲಿ ಗೇಟಿಗೆ ಬಂದ. ಅಜ್ಜಿ ಹೇಗಿದ್ದಾಳೆ ಎಂದು ಕೇಳುವಷ್ಟರಲ್ಲಿ ಕಣ್ಣು ಬೆರಳಿನ ಗುರುತಿನ ಮೇಲೆ ಬಿತ್ತು.

"ಅಯ್ಯೋ, ಇಲ್ಲಿ ಗುರುತಾಗಿದೆ ಅಕ್ಕ. ಶುಕ್ರವಾರ ಬಂದು ಇನ್ನೊಂದು ಕೋಟು ಹೊಡೀತೀವಿ."

"ಅದನ್ನ ಮುಟ್ಟಬೇಡ," ಎಂದು ಟೈಲರಕ್ಕ ಗೇಟಿಗೆ ಒಳಗಿನಿಂದ ಬೀಗ ಹಾಕಿದಳು. "ನಮ್ಮತ್ತೆ ಕೊನೇ ಸಲ ಮನೆಯಿಂದ ಹೊರಗೆ ಹೋದ ಗುರುತು ಅದು."