ಬಿಳಿ ಪಟ್ಟೆಯ ಹಂದಿ ಯಾರದು?

ನಮ್ಮ ದ್ವೀಪದ ಈ ಊರಿನ ಆಫೀಸರ್ ಸುನಿಯಾನನ್ನು ನೋಡಿ ಯಾರಾದರೂ ನಕ್ಕರೆ, ಯಾಕೆ ನಕ್ಕರು ಎಂಬ ಯೋಚನೆ ಅವನಿಗೆ. ನಗದಿದ್ದರೆ, ಯಾಕೆ ನಗಲಿಲ್ಲ ಎಂಬ ಯೋಚನೆ. ಊರೇ ಮತ ಹಾಕಿ ಆರಿಸಿದ ಆಳು, ಕೆಲಸದಲ್ಲಿ ಎರಡು ಮಾತಿಲ್ಲ. ಶಾಲೆಯ ಬಳಿಯ ನಲ್ಲಿ ಸೋರಿದರೆ ತಾನೇ ಮಂಡಿಯೂರಿ ಸರಿಮಾಡುತ್ತಿದ್ದ. ಬೀದಿದೀಪ ಕೆಟ್ಟರೆ ಪಟ್ಟಣಕ್ಕೆ ಹೋಗಿ, ಅದು ಹೊತ್ತುವವರೆಗೆ ಅಲ್ಲಿನವರ ಬೆನ್ನು ಬಿಡುತ್ತಿರಲಿಲ್ಲ. ಆದರೆ ಕಳೆದ ಚುನಾವಣೆಯಲ್ಲಿ ಅವನು ಕೇಫುವನ್ನು ಸೋಲಿಸಿದ್ದು ಕೂದಲೆಳೆಯ ಅಂತರದಲ್ಲಿ. ಅಂದಿನಿಂದ ಊರಲ್ಲಿ ನಾಯಿ ಬೊಗಳಿದರೂ ಅದರ ಹಿಂದೆ ಕೇಫುವಿನ ಕೈವಾಡವೇ ಕಾಣುತ್ತಿತ್ತು. ಈಗಂತೂ ಇನ್ನೊಂದು ಚುನಾವಣೆ ಬಾಗಿಲಿಗೆ ಬಂದಿತ್ತು.

ಅಂಥ ಹೊತ್ತಿನಲ್ಲಿ ಸ್ಮಶಾನಕ್ಕೆ ಹಂದಿ ನುಗ್ಗಿತು. ಅದೂ ಸುನಿಯಾನ ಅಪ್ಪನ ಗೋರಿಗೇ. ಮೇಲೆ ಹರಡಿದ್ದ ಬಿಳಿ ಮರಳನ್ನು ಕೆದರಿ, ಹೂವು ತಿಂದು, ಅಲಂಕಾರಕ್ಕೆಂದು ಅಂಚಿಗೆ ಹುಗಿದಿದ್ದ ಬಾಟಲಿಗಳನ್ನು ಉರುಳಿಸಿ ಹೋಗಿತ್ತು. ಮುಂದಿನ ವಾರ ಮತ್ತೆ ಅದೇ ಕತೆ. ಬಿಳಿ ಪಟ್ಟೆಯ ದೊಡ್ಡ ಹಂದಿಯೊಂದು ಅತ್ತ ಓಡಾಡುತ್ತದೆ ಎಂದು ಮಕ್ಕಳು ಹೇಳಿದವು. ಯಾರದು ಎಂದರೆ ಓಡಿಹೋದವು. ಹಂದಿಗಳನ್ನು ಬೇಲಿಯೊಳಗಿಡಿ ಎಂದು ಬೀದಿಬೀದಿಯಲ್ಲಿ ಕೂಗಿ ಹೇಳುವವನು ಸುನಿಯಾ. ಅವನಪ್ಪನ ಗೋರಿಗೇ ಈ ಗತಿಯಾದರೆ ಅವನ ಮಾತನ್ನು ಇನ್ನು ಯಾರು ಕೇಳುತ್ತಾರೆ?

ಸೋಮವಾರದ ಸಭೆಗೆ ಅವನು ಸಭೆಯ ಮರ್ಯಾದೆಗೆ ಉಡುವ ಚಾಪೆಯನ್ನು ಸೊಂಟಕ್ಕೆ ಬಿಗಿದುಕೊಂಡು ಬಂದು ನಿಂತ.

"ಆ ಹಂದಿ ಯಾರದ್ದೇ ಆಗಿರ್ಲಿ, ಕಡಿದು ಊರಿಗೆಲ್ಲ ಹಂಚ್ತೀನಿ. ಸಾಕಿದವರಿಗೆ ಮಾತ್ರ ಒಂದು ತುಂಡೂ ಇಲ್ಲ!"

ಗಂಡಸರು ಕಾವಾ ಬೇರಿನ ಪಾನಕ ತುಂಬಿದ ಚಿಪ್ಪನ್ನು ನೋಡಿದರು, ಹೆಂಗಸರು ತಮ್ಮ ಚಾಪೆಯ ಹೆಣಿಗೆ ನೋಡಿದರು. ಎಲ್ಲರಿಗೂ ಗೊತ್ತಿದೆ, ಯಾರೂ ಹೇಳುತ್ತಿಲ್ಲ ಎಂದು ಸುನಿಯಾನಿಗೆ ಅಲ್ಲೇ ಖಾತ್ರಿಯಾಯಿತು. ಅವನು ಕೇಫುವನ್ನೇ ದುರುಗುಟ್ಟಿ ನೋಡಿದ. ಕೇಫು ಕಿವಿ ಕೆರೆದುಕೊಂಡ.

ಮನೆಯಲ್ಲಿ ಹೆಂಡತಿ ಲೊಸಲೀನಿ ಗೆಣಸಿನ ಸಿಪ್ಪೆ ತೆಗೆಯುತ್ತ, "ಗೋರಿ ಸುತ್ತ ಒಂದು ಬೇಲಿ ಹಾಕಿಸಿಬಿಡಿ. ಹಂದಿ ಯಾರದ್ದಾದ್ರೆ ನಮಗೇನು?" ಎಂದಳು.

"ನಿನಗೂ ಗೊತ್ತು ಅಂತಾಯ್ತು."

"ನಂಗೇನೂ ಗೊತ್ತಿಲ್ಲಪ್ಪ. ಬೆಳಿಗ್ಗೆ ಕೇಫು ಸ್ಮಶಾನದ ಕಡೆ ಮರಳಿನ ಬುಟ್ಟಿ ಹೊತ್ತು ಹೋಗೋದು ನೋಡ್ದೆ. ಅಷ್ಟೇ."

"ನೋಡಿದ್ಯಾ? ತಾನೇ ಹಂದಿ ಬಿಡೋದು, ತಾನೇ ಮರಳು ಹಾಕಿ ಒಳ್ಳೆಯವನಾಗೋದು! ಚುನಾವಣೆ ಹತ್ತಿರ ಬಂತಲ್ಲ!"

ಲೊಸಲೀನಿ ಏನೋ ಹೇಳಹೋಗಿ, ಇನ್ನೊಂದು ಗೆಣಸು ಎತ್ತಿಕೊಂಡಳು. ಅವನಿಗೆ ಅವಳ ಮೇಲೂ ಅನುಮಾನ ಬಂತು.

ನಮ್ಮಲ್ಲಿ ಸಂಜೆಯಾಯಿತೆಂದರೆ ಪ್ರತಿ ಮನೆಯ ಹಿತ್ತಲಲ್ಲೂ ಹಂದಿಗಳಿಗೆ ಹಾಕಲು ತೆಂಗಿನಕಾಯಿ ಒಡೆದು ಚಿಪ್ಪು ಬಡಿಯುತ್ತಾರೆ. ಇಳಿತದ ವೇಳೆ ಕಡಲಿಗಿಳಿದು ಕಪ್ಪೆಚಿಪ್ಪು ಹುಡುಕುವ ಹಂದಿಗಳೂ ತಮ್ಮ ಮನೆಯ ಬಡಿತ ಕೇಳಿದರೆ ಓಡಿ ಬರುತ್ತವೆ. ಬೇರೆ ಮನೆಯ ಬಡಿತಕ್ಕೆ ತಲೆಯೂ ಎತ್ತುವುದಿಲ್ಲ. ಮರುದಿನ ಸಂಜೆ ಸುನಿಯಾ ಸ್ಮಶಾನದ ಮರದ ಮರೆಯಲ್ಲಿ ಕುಳಿತ. ಬಿಳಿ ಪಟ್ಟೆಯದು ಬಂತು, ಅಪ್ಪನ ಗೋರಿಯ ಮೇಲೆ ಮೂತಿಯಿಟ್ಟಿತು. ಅವನು ಹಲ್ಲು ಕಚ್ಚಿ ಕಾದ. ಕೇಫುವಿನ ಹಿತ್ತಲಿನಿಂದ ಬಡಿತ ಕೇಳಿತು. ಹಂದಿ ಅಲುಗಲಿಲ್ಲ. ಆಮೇಲೆ ಕಡಲಂಚಿನಿಂದ ಮೆಲ್ಲಗೆ, ತಡೆದು ತಡೆದು, ಇನ್ನೊಂದು ಬಡಿತ ಬಂತು. ಹಂದಿ ಬಾಲ ಎತ್ತಿ ಓಡಿತು, ಸುನಿಯಾ ಹಿಂದೆ ಓಡಿದ.

ಅದು ಹೋಗಿ ನಿಂತದ್ದು ಅವನ ಸೋದರತ್ತೆ ಅಕೊಸಿತಾಳ ಹಿತ್ತಲಲ್ಲಿ.

ಅಪ್ಪನ ಅಕ್ಕ ಎಂದರೆ ನಮ್ಮಲ್ಲಿ ಮಾನದಲ್ಲೂ ಅಪ್ಪನಿಗಿಂತ ದೊಡ್ಡವಳು. ಅವಳೆದುರು ನಿಂತು ಮಾತಾಡುವ ಹಾಗಿಲ್ಲ. ಏದುಸಿರು ಬಿಡುತ್ತಲೇ ಸುನಿಯಾ ನೆಲದ ಮೇಲೆ ಕುಳಿತ. ಊರೆಲ್ಲ ಯಾಕೆ ಬಾಯಿ ಮುಚ್ಚಿಕೊಂಡಿತ್ತೆಂದು ಆಗ ತಿಳಿಯಿತು. ಆಫೀಸರನ ಅತ್ತೆಯ ಹೆಸರನ್ನು ಸಭೆಯಲ್ಲಿ ಎತ್ತುವವರು ಯಾರು?

"ಅತ್ತೆ, ಇದನ್ನ ಬೇಲಿಯೊಳಗೆ ಇಡಬಾರದಿತ್ತಾ?"

"ಇಟ್ರೆ ಸೊರಗುತ್ತೆ ಕಣೋ. ನಾನು ಸತ್ತ ದಿನದ ಊಟಕ್ಕೆ ನೀನು ಒಂದು ಹಂದಿಗೋಸ್ಕರ ಕಂಡವರ ಬೇಲಿ ಮುಂದೆ ನಿಲ್ಲಬಾರದು ಅಂತ ಸಾಕಿದ್ದು. ಈಗ ಕಡಿತೀಯಂತೆ. ಕಡಿ."

"ಅದು ಕೆದರ್ತಿರೋದು ಅಪ್ಪನ ಗೋರೀನ!"

ಮುದುಕಿಯ ಕೈಯಲ್ಲಿದ್ದ ಚಿಪ್ಪು ಹಾಗೆಯೇ ನಿಂತಿತು. ಗೋರಿ ಯಾರದೆಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಮುಂದಿನ ಸೋಮವಾರ ಸುನಿಯಾ ಸಭೆಯಲ್ಲಿ ಎದ್ದು ನಿಂತ. ಅವನು ಮಾತು ತೆಗೆಯುವ ಮೊದಲೇ ಕೇಫು ಎದ್ದ.

"ಆ ಹಂದಿ ನಂದು. ಕಡೀರಿ."

ಸಭೆ ತಲೆಬಗ್ಗಿಸಿತು. ಒಂದು ಕ್ಷಣ, ಹೇಳಲು ನಾಚಿಕೆಯಾಗುತ್ತದೆ, ನಮ್ಮ ಆಫೀಸರ್ ಸುಮ್ಮನೆ ನಿಂತ. ಸುಮ್ಮನಿದ್ದರೆ ಅತ್ತೆಯ ಮಾನ ಉಳಿಯುತ್ತಿತ್ತು, ತನ್ನ ಮಾತೂ ಗೆಲ್ಲುತ್ತಿತ್ತು, ಎದುರಾಳಿಯೂ ಮುಗಿಯುತ್ತಿದ್ದ. ಆಮೇಲೆ ಅವನ ಹಳೆಯ ಬುದ್ಧಿ ಎದ್ದಿತು.

"ಇದರಲ್ಲಿ ನಿನಗೇನೋ ಲಾಭ?"

"ಲಾಭ ಏನ್ ಬಂತು? ನಿಮ್ಮಪ್ಪನ ಪಕ್ಕದಲ್ಲೇ ನಮ್ಮವ್ವ ಮಲಗಿದಾಳೆ. ಅವಳಿಗೆ ಮರಳು ಹಾಕುವಾಗ ಅವರಿಗೂ ಹಾಕ್ತಿದ್ದೆ. ಹಾಕಿ ಹಾಕಿ ಸಾಕಾಯ್ತು ಮಾರಾಯ, ಮುಗಿಸಿಬಿಡು."

ಸುನಿಯಾನ ಕಣ್ಣು ತುಂಬಿತು. "ಕೂತ್ಕೋ ಕೇಫು. ಹಂದಿ ನಮ್ಮ ಮನೇದು. ಅತ್ತೇದು."

ಬುಧವಾರ ಹಂದಿಯನ್ನು ಸುಟ್ಟು ಮನೆಮನೆಗೆ ಹಂಚಿದರು. ಪ್ರತಿ ಊಟದಲ್ಲೂ ಮೊದಲ ತುಂಡು ಯಾರಿಗೆ ಹೋಗುತ್ತಿತ್ತೋ ಆ ಅಕೊಸಿತಾ ಅಂದು ಬೇಯಿಸಿದ ಗೆಣಸನ್ನಷ್ಟೇ ತಿಂದಳು, ಬೆನ್ನು ನೆಟ್ಟಗೆ ಮಾಡಿಕೊಂಡು.

ಶನಿವಾರ ಬೆಳಿಗ್ಗೆ ಅವನು ಕಡಲಂಚಿನಿಂದ ಬಿಳಿ ಮರಳು ಹೊತ್ತು ತಂದ. ಮೊದಲ ಬುಟ್ಟಿಯನ್ನು ಸುರಿದದ್ದು ಕೇಫುವಿನ ಅವ್ವನ ಗೋರಿಯ ಮೇಲೆ. ಕೈಯಲ್ಲಿ ಹರಡುತ್ತಿರುವಾಗ ಬೆನ್ನ ಹಿಂದೆ ಕೇಫುವಿನ ದನಿ ಕೇಳಿತು.

"ಏನು ಆಫೀಸರೇ? ಚುನಾವಣೆ ಹತ್ತಿರ ಬಂತು ಅಂತಾನಾ?"

ಅಲ್ಲ ಎನ್ನಲು ಸುನಿಯಾ ಬಾಯಿ ತೆರೆದ. ಕೇಫುವಿನ ಬಗ್ಗೆ ತಾನು ಮನೆಯಲ್ಲಿ ಆಡಿದ್ದು ಇದೇ ಮಾತು. ಇವನು ಈಗ ತನ್ನನ್ನು ಯಾಕೆ ನಂಬಬೇಕು?

"ಅಲ್ಲ ಕಣೋ," ಎಂದ ಸಣ್ಣ ದನಿಯಲ್ಲಿ.

"ಹರಡು, ಹರಡು. ಆ ಮೂಲೇಲಿ ಕಮ್ಮಿ ಆಗಿದೆ," ಎಂದು ಕೇಫು, ಕೊನೆಯ ಬುಟ್ಟಿ ಮುಗಿಯುವವರೆಗೂ ಕೈಕಟ್ಟಿಕೊಂಡು ನೋಡುತ್ತ ನಿಂತ.